ನಲವತ್ತೂ ಒಂದೇ ಸಮ

ಬಾಗಲಗುಂಟೆ
೯-೧೨-೧೯೮೪, ಭಾನುವಾರ

ಪ್ರೀತಿಯ ನಮ್ಮ ಮನೆಯವರಿಗೆ,

ಕೈ ಹೇಗಿದೆ? ಮಿಕ್ಕ ಸಮಾಚಾರವೆಲ್ಲ ಆಮೇಲೆ, ಮೊದಲು ಅದನ್ನು ಹೇಳಿ. ಕಟ್ಟು ಬಿಚ್ಚಿದರೇ? ಕೀವು ಕಟ್ಟಿಲ್ಲ ತಾನೇ? ಜ್ವರ ಬಂದರೆ ಮುಚ್ಚಿಡಬೇಡಿ. ಮೈ ಕಾದ ಹೆಂಚಿನಂತೆ ಸುಡುತ್ತಿದ್ದರೂ ‘ಏನಿಲ್ಲ ಬಿಡೇ’ ಎನ್ನುವ ಚಾಳಿ ನಿಮ್ಮದು, ನನಗೆ ಗೊತ್ತಿಲ್ಲವೇ. ಊಟಕ್ಕೆ ಏನು ಮಾಡುತ್ತಿದ್ದೀರಿ? ಯಾರಾದರೂ ಕಲಸಿ ಕೊಡುತ್ತಾರೋ, ಇಲ್ಲ ನೀವೇ ಎಡಗೈಯಲ್ಲಿ ಒದ್ದಾಡುತ್ತಿದ್ದೀರೋ? ಎಡಗೈಯಲ್ಲಿ ಮುದ್ದೆ ಮುರಿಯುವುದು ಹೇಗೆ ಎಂದು ನಿನ್ನೆ ನಾನೂ ಮಾಡಿ ನೋಡಿದೆ. ಆಗುವುದೇ ಇಲ್ಲ. ಸಾರೆಲ್ಲ ಸೀರೆಯ ಮೇಲೆ. ಮಾವ ನೋಡಿ, ‘ಇದ್ಯಾಕಮ್ಮಿ ಎಡಗೈನಾಗೆ ಉಣ್ತಿದ್ದೀಯಾ, ಬಲಗೈಗೇನ್ ಬಂತು?’ ಎಂದರು. ಎದ್ದು ಹಿತ್ತಿಲಿಗೆ ಹೋಗಿ ಸುಮ್ಮನೆ ಒಂದು ಚೊಂಬು ನೀರು ಸುರಿದು ಬಂದೆ. ಅವರಿಗೆ ನಾನು ಪೂರ್ತಿ ಹೇಳಿಲ್ಲ. ಕೈಗೆ ಸ್ವಲ್ಪ ಗಾಯವಾಗಿದೆ, ವಾಸಿಯಾಗುತ್ತಿದೆ ಎಂದಷ್ಟೇ ಹೇಳಿದ್ದೇನೆ. ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳಾಗಿಲ್ಲ, ಅಳಬಾರದು ಎಂದು ಡಾಕ್ಟರು ಹೇಳಿದ್ದಾರೆ.

ನಿಮ್ಮ ಗಣಿಯ ತೂಕದ ಮನೆಯ ಹನುಮಯ್ಯನವರು ಬರೆದ ಕಾರ್ಡನ್ನು ಅಂಚೆಯವನು ದಾರಿಯಲ್ಲೇ ಓದಿಕೊಂಡು ಬಂದಿದ್ದ ಅಂತ ಕಾಣುತ್ತದೆ. ಕೈಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಅಕ್ಷರ ನಿಮ್ಮದಲ್ಲ ಎಂದು ಕಂಡ ಕೂಡಲೇ ಬಾಗಿಲಲ್ಲೇ ನಿಂತು ಓದಿದೆ. ಅದಿರಿನ ಲಾರಿಯ ಹಿಂದಿನ ಹಲಗೆ ಕಳಚಿ ಬಿತ್ತಂತೆ, ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋದವಂತೆ. ಕಡೆಯ ಕಾರ್ತೀಕ ಸೋಮವಾರ ನಾನು ಇಲ್ಲಿ ದೀಪ ಹಚ್ಚುತ್ತಿದ್ದಾಗ ನೀವು ಅಲ್ಲಿ ಸಂಡೂರಿನ ಆಸ್ಪತ್ರೆಯಲ್ಲಿ ಮಲಗಿದ್ದಿರಿ. ಪಾಪ, ಹನುಮಯ್ಯನವರು ಧೈರ್ಯದ ಮಾತನ್ನೇ ಬರೆದಿದ್ದಾರೆ. ಆದರೆ ಕಾರ್ಡಿನ ಕೊನೆಯಲ್ಲಿ ಜಾಗವಿಲ್ಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಒಂದು ಸಾಲಿದೆ. ‘ನಾವೆಲ್ಲ ಅತ್ತರೂ ರಾಮಾಂಜಿನಪ್ಪ ಅಳಲಿಲ್ಲ ತಾಯಿ. ಹೋಗ್ಲಿ ಬಿಡಿ, ಹೆಂಗೂ ಕೆಲಸಕ್ಕೆ ಬಾರದ ಕೈ, ಅಂದ.’ ಬೆರಳು ಹೋದದ್ದಕ್ಕಿಂತ ಆ ಒಂದು ಸಾಲು ನನ್ನನ್ನು ಕೊಂದಿತು. ಕೆಲಸಕ್ಕೆ ಬಾರದ ಕೈಯಂತೆ! ಯಾರ ಕೈ ಅದು? ಈ ಕಾಗದ ಬರೆಯುತ್ತಿರುವುದು ಆ ಮಾತಿಗೆ ಉತ್ತರವಾಗಿ. ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳದೆ ಓದಿ. ಓದುವಾಗ ಕೂತುಕೊಳ್ಳಿ, ನಿಂತು ಓದಬೇಡಿ.

ಊರಿನ ಸುದ್ದಿ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಬರೆಯುವ ಧೈರ್ಯ ಬರುವುದಿಲ್ಲ. ಅವರೆಕಾಯಿ ಬಂದಿದೆ, ಸೊಗಡು ಚೆನ್ನಾಗಿದೆ. ನೀವಿಲ್ಲದೆ ಹಿಸುಕಿದ ಬೇಳೆ ಮಾಡಲು ಮನಸ್ಸಿಲ್ಲ, ಮಾವನಿಗಾಗಿ ಒಂದು ದಿನ ಮಾಡಿದೆ. ಮಾವ ಡಾಕ್ಟರ ಮಾತು ಕೇಳದೆ ಹಸು ಎರಡನ್ನೂ ಹೊಡೆದುಕೊಂಡು ಈಗಲೂ ಪೀಣ್ಯದ ಕಾಂಪೌಂಡು ಗೋಡೆಗಳ ಮಧ್ಯೆ ಹುಲ್ಲು ಹುಡುಕುತ್ತಾ ತಿರುಗುತ್ತಾರೆ. ‘ಇಲ್ಲಿ ನಮ್ ರಾಗಿ ಹೊಲ ಇತ್ತು, ಅಗೋ ಆ ಚಿಮಣಿ ಇದ್ಯಲ್ಲಾ, ಅಲ್ಲಿ ಹುಚ್ಚೆಳ್ಳು’ ಎಂದು ಯಾವುದೋ ಫ್ಯಾಕ್ಟರಿಯ ಗೇಟಿನವನಿಗೆ ತೋರಿಸುತ್ತಿದ್ದರಂತೆ. ಅವನು ತಮಿಳಿನವನು, ಏನೂ ಅರ್ಥವಾಗದೆ ಬೀಡಿ ಕೊಟ್ಟನಂತೆ. ‘ಆವಲಪ್ಪನ ಹೊಲದಾಗೆ ಆವಲಪ್ಪಂಗೆ ಬೀಡಿ ಕೊಟ್ಟ ನೋಡು’ ಎಂದು ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು. ಷೆಡ್ಡಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇದೆ. ಗ್ರೈಂಡಿಂಗ್ ಮೆಷಿನಿಗೆ ಗೋಣಿ ಹೊದಿಸಿದ್ದೇನೆ. ತಿಂಗಳಿಗೊಮ್ಮೆ ತೆಗೆದು ಎಣ್ಣೆ ಸವರುತ್ತೇನೆ. ಅದನ್ನು ಕೊಳ್ಳಲು ಇಬ್ಬರು ಬಂದಿದ್ದರು, ನನ್ನ ಬಾಯಿಗೆ ಹೆದರಿ ಮತ್ತೆ ಬಂದಿಲ್ಲ.

ಮದುವೆಯಾಗಿ ಸರ್ಜಾಪುರದಿಂದ ಬಂದ ಹೊಸದರಲ್ಲಿ ನಿಮ್ಮ ಕೆಲಸವೇನು ಎಂದು ನಾನು ಕೇಳಿದ್ದು ನೆನಪಿದೆಯೇ? ‘ಬಳೆಗಾರ ಕೈ ನೋಡಿಯೇ ಅಳತೆ ಹೇಳ್ತಾನಲ್ಲ, ಮೆಷಿನಿಗೆ ಆ ಕಣ್ಣಿಲ್ಲ ಭದ್ರಾ. ತೂತು ಸರಿಯಾಗಿ ಕೊರೆದಿದೆಯೋ ಇಲ್ಲವೋ ಅಂತ ಉಕ್ಕಿನ ಗುಂಡು ತುಂಡು ಇಳಿಸಿ ನೋಡ್ಬೇಕು. ಇಳಿದರೆ ಸರಿ, ಇಳೀದಿದ್ರೆ ತಪ್ಪು. ಅದೇ ಗೇಜು’ ಎಂದಿದ್ದಿರಿ. ಏಳು ವರ್ಷ ಬೇರೆಯವರ ಟೂಲ್ ರೂಮಿನಲ್ಲಿ ದುಡಿದ ಮೇಲೆ ಒಂದು ದಿನ ಕೆಲಸ ಬಿಟ್ಟು ಬಂದು, ದನದ ಕೊಟ್ಟಿಗೆಯನ್ನು ಷೆಡ್ಡು ಮಾಡುತ್ತೇನೆ ಎಂದಿರಿ. ನಾನು ಬಾಯಿಗೆ ಬಂದಂತೆ ಬೈದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ಎಂದೆ. ನೀವು ಸಿಟ್ಟಾಗಲಿಲ್ಲ. ‘ನಮ್ಮ ಹೊಲದ ಮೇಲೆ ಎದ್ದಿರೋ ಫ್ಯಾಕ್ಟರಿಗಳಿಗೆ ಗೇಜು ಬೊಂಬಾಯಿಂದ ಬರುತ್ತೆ. ನಮ್ಮೂರಿನೋರು ಅದರೊಳಗೆ ಹೋಗೋದು ಕಸ ಗುಡಿಸೋಕೆ, ಗೇಟು ಕಾಯೋಕೆ. ನಾನು ಹೋಗ್ತೀನಿ ಕಣೇ, ನಾನು ಮಾಡಿದ ಗೇಜು ಪೆಟ್ಟಿಗೇಲಿ ಇಟ್ಕೊಂಡು, ಮುಂದಿನ ಗೇಟಿಂದ’ ಎಂದಿರಿ. ಅಷ್ಟು ದೊಡ್ಡ ಮಾತನ್ನು ಅಷ್ಟು ಮೆಲ್ಲಗೆ ಹೇಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ. ಆವತ್ತಿನಿಂದ ನಿಮ್ಮ ಆಸೆ ನನಗೂ ಅಂಟಿಕೊಂಡಿತು.

ಆಸೆಯಷ್ಟೇ ಇದ್ದಿದ್ದರೆ ಸರಿ, ಅದರ ಜೊತೆ ನಿಮ್ಮ ಅನುಮಾನವೂ ಇತ್ತಲ್ಲ. ಕೆಲಸ ಬಿಡುವ ದಿನ ಟೂಲ್ ರೂಮಿನ ಆ ಫೋರ್‌ಮನ್ ಎಲ್ಲರ ಎದುರಿಗೆ, ‘ದನ ಕಾಯೋ ಕೈಗೆ ಮೈಕ್ರಾನ್ ಅಳತೆ ದಕ್ಕುತ್ತೇನಯ್ಯಾ?’ ಅಂದದ್ದನ್ನು ನೀವು ನುಂಗಿಕೊಂಡು ಬಂದಿರಿ, ಜೀರ್ಣ ಮಾಡಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಬಲಗೈಯನ್ನು ಮುಂದಕ್ಕೆ ಚಾಚಿ ನಡುಗುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದಿರಿ. ನಾನು ನೋಡದವಳ ಹಾಗೆ ನೋಡುತ್ತಿದ್ದೆ. ಒಂದು ಸಾರಿ ತಡೆಯಲಾರದೆ, ‘ಅದೇನು ಕಣಿ ಹೇಳೋ ಹಕ್ಕಿನಾ ದಿನಾ ನೋಡೋಕೆ, ಕೈಯಷ್ಟೇ’ ಎಂದು ಗದರಿದೆ. ಆ ವರ್ಷ ಕರೆಂಟಿನ ಕಾಟ ಬೇರೆ. ಬೆಳಿಗ್ಗೆ ಎರಡು ಗಂಟೆ ಬಂದರೆ ಮಧ್ಯಾಹ್ನ ಇಲ್ಲ, ಮಧ್ಯಾಹ್ನ ಬಂದರೆ ಬೆಳಿಗ್ಗೆ ಇಲ್ಲ. ಕರೆಂಟು ಇದ್ದಾಗ ಮೆಷಿನಿನಲ್ಲಿ ಅರೆದು, ಇಲ್ಲದಾಗ ಕಿಟಕಿಯ ಬೆಳಕಿಗೆ ಕೂತು ಕೊನೆಯ ನಯವನ್ನು ಕೈಯಲ್ಲೇ ತೆಗೆಯುತ್ತಿದ್ದಿರಿ. ಮಾಡಿದ ಗೇಜನ್ನು ಅಳೆಯುವ ಡಯಲಿನ ಕೆಳಗಿಟ್ಟಾಗ ಮುಳ್ಳು ಸೊನ್ನೆಗೆ ಬಂದು ನಿಂತರೆ ನಿಮ್ಮ ಉಸಿರು ಆಚೆ ಬರುತ್ತಿತ್ತು. ಆ ಸೊನ್ನೆಯನ್ನು ಮೊದಲು ನಿಲ್ಲಿಸುತ್ತಿದ್ದದ್ದು ಮಾಸ್ಟರನ್ನು ಇಟ್ಟು. ಕಿರುಬೆರಳುದ್ದದ ಉಕ್ಕಿನ ತುಂಡು, ನೀಲಿ ಮಕಮಲ್ಲಿನ ಪೆಟ್ಟಿಗೆ, ಅದಕ್ಕೊಂದು ಸರ್ಟಿಫಿಕೇಟು. ಅದರ ಅಳತೆಯೇ ಅಳತೆ, ಮಿಕ್ಕದ್ದೆಲ್ಲ ಅದರ ಮಕ್ಕಳು ಎನ್ನುತ್ತಿದ್ದಿರಿ.

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಎಂಬತ್ತೆರಡನೆಯ ಇಸವಿಯ ಆಯುಧಪೂಜೆ. ಪೀಣ್ಯದ ಆ ದೊಡ್ಡ ಕಂಪನಿಯಿಂದ ನಲವತ್ತು ಗೇಜಿನ ಆರ್ಡರು ಬಂದು ವಾರವಾಗಿತ್ತು. ಇವು ಪಾಸಾದರೆ ವರ್ಷವಿಡೀ ನಿಮಗೇ ಕೊಡುತ್ತೇವೆ ಎಂದಿದ್ದರು. ನಿಮ್ಮ ತಂಗಿ ಕೃಷ್ಣಮ್ಮನನ್ನು ಹಬ್ಬಕ್ಕೆ ಕರೆತರಲು ನೀವು ಬೆಳಿಗ್ಗೆಯೇ ಬೇಗೂರಿಗೆ ಹೋದಿರಿ. ಷೆಡ್ಡಿನ ಪೂಜೆ ನನ್ನ ಪಾಲಿಗೆ ಬಂತು. ಮೆಷಿನನ್ನು ತೊಳೆದು ಒರೆಸಿ, ಸೇವಂತಿಗೆ ಹಾರ ಹಾಕಿ, ಸ್ಪ್ಯಾನರಿಗೂ ಸುತ್ತಿಗೆಗೂ ವಿಭೂತಿ ಇಟ್ಟೆ. ಆಮೇಲೆ ಮಾಸ್ಟರಿನ ಪೆಟ್ಟಿಗೆ ಕಂಡಿತು. ‘ಇದು ನಮ್ಮ ಮನೆದೇವರು ಇದ್ದಂಗೆ, ಬರಿಗೈಲಿ ಮುಟ್ಟಬೇಡ’ ಎಂದು ನೀವು ನೂರು ಸಾರಿ ಹೇಳಿದ್ದಿರಿ. ನಾನು ಅದನ್ನು ಮಡಿ ಎಂದು ತಿಳಿದಿದ್ದೆ. ದೇವರನ್ನು ಮೈಲಿಗೆಯಲ್ಲಿ ಮುಟ್ಟಬಾರದಲ್ಲ, ಹಾಗೆ. ತಲೆಗೆ ಸ್ನಾನ ಮಾಡಿದ್ದೇನೆ, ಒಗೆದ ಸೀರೆ ಉಟ್ಟಿದ್ದೇನೆ, ಇನ್ನೇನು ಎಂದು ಪೆಟ್ಟಿಗೆ ತೆಗೆದೆ. ಮಾಸ್ಟರಿನ ಮೈಮೇಲೆ ಹೆಬ್ಬೆಟ್ಟಿನಗಲ ಕಂದು ಕಲೆ ಇತ್ತು. ನಮ್ಮವ್ವ ಹೇಳುತ್ತಿದ್ದಳು, ಆಯುಧಪೂಜೆಯ ದಿನ ಮನೆಯಲ್ಲಿ ಒಂದು ಕಬ್ಬಿಣವೂ ಮಾಸಿರಬಾರದು, ಮಾಸಿದ್ದರೆ ಆ ವರ್ಷ ಕೈ ಹತ್ತುವುದಿಲ್ಲ ಎಂದು. ನಮ್ಮಪ್ಪನ ನೇಗಿಲ ಗುಳ, ಕುಡುಗೋಲು, ಮಚ್ಚು ಎಲ್ಲವನ್ನೂ ಏಳು ವರ್ಷದವಳಿದ್ದಾಗಿನಿಂದ ಉಜ್ಜಿದವಳು ನಾನೇ. ಇಷ್ಟು ದೊಡ್ಡ ಆರ್ಡರು ಬಂದಿರುವಾಗ ದೇವರ ಮುಖದ ಮೇಲೆ ಕಲೆ ಬಿಡುವುದೇ? ಹುಣಸೆಹಣ್ಣು ತಂದೆ. ಇಟ್ಟಿಗೆ ಪುಡಿ ಮಾಡಿ ಬಟ್ಟೆಯಲ್ಲಿ ಜರಡಿ ಹಿಡಿದೆ, ಗೀರು ಬೀಳಬಾರದು ಎಂದು. ಒಲೆಯ ಮೇಲಿಟ್ಟ ಬೇಳೆ ಬೇಯುವಷ್ಟು ಹೊತ್ತು ಕೂತು ಉಜ್ಜಿದೆ. ಬೆಳ್ಳಿಯ ಹಾಗೆ ಹೊಳೆಯಿತು. ತೊಳೆದು, ಕುಂಕುಮ ಇಟ್ಟು, ಆರತಿ ಮಾಡಿ, ಮತ್ತೆ ಒರೆಸಿ ಕೊಬ್ಬರಿ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳಕ್ಕೂ ಒಂದು ಬೊಟ್ಟಿಟ್ಟೆ. ಕೈ ಮುಗಿದು ಏನು ಬೇಡಿಕೊಂಡೆ ಗೊತ್ತೇ? ನಮ್ಮ ಯಜಮಾನರ ಕೈ ನಡುಗದಂತೆ ಕಾಪಾಡಪ್ಪಾ ಎಂದು.

ನೀವು ಮಧ್ಯಾಹ್ನ ಬಂದು ಮುಚ್ಚಳದ ಮೇಲಿನ ಬೊಟ್ಟು ನೋಡಿ ನಕ್ಕಿರಿ. ‘ಮಾಸ್ಟರಿಗೂ ಪೂಜೆ ಆಯ್ತೇನೇ?’ ಎಂದಿರಿ. ‘ಆಯ್ತು’ ಎಂದೆ. ಉಜ್ಜಿದೆ ಎಂದು ಒಂದು ಮಾತು ಸೇರಿಸಿ ಹೇಳಿದ್ದರೆ ನೀವು ಕೂಗಾಡುತ್ತಿದ್ದಿರಿ, ನಾನು ಅಳುತ್ತಿದ್ದೆ, ಎಲ್ಲಾದರೂ ಹೋಗಿ ಅದನ್ನು ಅಳತೆ ಮಾಡಿಸಿಕೊಂಡು ಬರುತ್ತಿದ್ದಿರಿ, ಅಲ್ಲಿಗೆ ಮುಗಿಯುತ್ತಿತ್ತು. ಕೃಷ್ಣಮ್ಮ ಬಂದಿದ್ದಳು, ಒಬ್ಬಟ್ಟಿಗೆ ಹೂರಣ ರುಬ್ಬಬೇಕಿತ್ತು. ಮರೆತೇಹೋಯಿತು.

ಆಮೇಲಿನದು ನಿಮಗೇ ಗೊತ್ತು. ಮೂರು ತಿಂಗಳು ಕೂತು ನಲವತ್ತು ಗೇಜು ಮಾಡಿದಿರಿ. ಸಂಕ್ರಾಂತಿ ಕಳೆದ ಮೇಲೆ ಇಸ್ತ್ರಿ ಷರಟು ಹಾಕಿಕೊಂಡು, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ಮುಂದಿನ ಗೇಟಿನಿಂದಲೇ ಹೋಗಿ ಕೊಟ್ಟು ಬಂದಿರಿ. ಇಪ್ಪತ್ತು ದಿನಕ್ಕೆ ಪೆಟ್ಟಿಗೆ ವಾಪಸು ಬಂತು. ಎಲ್ಲ ಸಣ್ಣದಾಗಿವೆ, ನಲವತ್ತೂ ರಿಜೆಕ್ಟ್. ದೊಡ್ಡದಾಗಿದ್ದರೆ ಇನ್ನೊಂದಿಷ್ಟು ಅರೆಯಬಹುದು, ಸಣ್ಣದಾದರೆ ಉಕ್ಕಿಗೆ ಉಕ್ಕು ಮೆತ್ತುವ ಹಾಗಿಲ್ಲ. ಅದರ ಜೊತೆ ಬಂದ ರಿಪೋರ್ಟಿನ ಮೊದಲನೆಯ ಹಾಳೆಯಲ್ಲಿ ಕೆಂಪು ಮೊಹರು ನೋಡಿ ನೀವು ಒಳಗಿನ ಹಾಳೆ ತಿರುಗಿಸಲೇ ಇಲ್ಲ. ಹಾಗೇ ಮಡಿಚಿ ಪೆಟ್ಟಿಗೆಯೊಳಗೆ ತುರುಕಿ ಮಂಚದ ಕೆಳಗೆ ತಳ್ಳಿದಿರಿ. ಷೆಡ್ಡಿನ ಮೆಟ್ಟಿಲ ಮೇಲೆ ಕೂತು ಬಲಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದಿರಿ. ‘ಅವನು ಹೇಳಿದ್ದು ನಿಜ ಕಣೇ’ ಎಂದಿರಿ, ಅಷ್ಟೇ. ಯುಗಾದಿಯ ತನಕ ಷೆಡ್ಡಿಗೆ ಕಾಲಿಡಲಿಲ್ಲ. ಹಬ್ಬದ ಮಾರನೆಯ ದಿನ, ಸಂಡೂರಿನ ಗಣಿಯಲ್ಲಿ ಲಾರಿ ತೂಕ ಬರೆಯುವ ಕೆಲಸವಿದೆ, ಹೋಗುತ್ತೇನೆ ಎಂದಾಗ ಈ ನನ್ನ ಹಾಳು ಬಾಯಿ ಏನೆಂದಿತು? ಕೈಲಾಗದವನು ಮೈ ಪರಚಿಕೊಂಡ ಅಂದಿತು. ನಿಮ್ಮನ್ನು ಕೆರಳಿಸಿ ನಿಲ್ಲಿಸಿಕೊಳ್ಳೋಣ ಎಂದು ಅಂದದ್ದು, ದೇವರಾಣೆಗೂ. ನೀವು ಕೆರಳಲಿಲ್ಲ. ಚೀಲ ಎತ್ತಿಕೊಂಡು ಜಾಲಹಳ್ಳಿ ಕ್ರಾಸಿನ ಕಡೆಗೆ ನಡೆದಿರಿ. ತಿರುಗಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನೀವು ಹೋದ ಎರಡು ತಿಂಗಳಿಗೆ ನಾನು ಪೀಣ್ಯ ಎರಡನೇ ಹಂತದ ಒಂದು ಫ್ಯಾಕ್ಟರಿಗೆ ಪ್ಯಾಕಿಂಗಿಗೆ ಸೇರಿದ್ದು ನಿಮಗೆ ಗೊತ್ತು. ಈಗ ಹದಿನೈದು ದಿನದ ಕೆಳಗೆ ನನ್ನನ್ನು ಮಾಲು ಅಳೆದು ನೋಡುವ ಇನ್‌ಸ್ಪೆಕ್ಷನ್‌ಗೆ ಹಾಕಿದರು. ಅಲ್ಲಿನ ಹಿರಿಯರು ನರಸಿಂಹಯ್ಯನವರು, ನೆತ್ತಿ ಬೋಳು, ಮನಸ್ಸು ಬೆಣ್ಣೆ. ಪ್ಯಾಕಿಂಗಿನಲ್ಲಿ ನಾನು ಬರಿಗಣ್ಣಿನಲ್ಲಿ ಗೀರು ಹಿಡಿದದ್ದನ್ನು ನೋಡಿ, ‘ರಾಗೀಲಿ ಕಲ್ಲು ಆರಿಸಿದ ಕಣ್ಣು ಇದು, ಇದನ್ನ ಇಲ್ಲಿಗೆ ಕಳ್ಸಿ’ ಎಂದರಂತೆ. ಲೆಕ್ಕದಲ್ಲಿ ಒಂದು ಸಾರಿ ಡುಮ್ಕಿ ಹೊಡೆದವಳು ನಾನು, ನನ್ನಿಂದ ಆಗುವುದಿಲ್ಲ ಸಾರ್ ಎಂದು ಕೈ ಮುಗಿದೆ. ‘ಆಗಲ್ಲ ಅನ್ನೋದು ನಿನ್ನ ಕೆಲಸ ಅಲ್ಲಮ್ಮ, ಅದನ್ನ ಡಯಲ್ ಹೇಳುತ್ತೆ. ಕೂತ್ಕೋ’ ಎಂದರು. ಕೂತೆ. ದಶಮಾಂಶದ ಮೂರನೆಯ ಮನೆ ಓದುವುದನ್ನು ಕಲಿತೆ, ನೀವು ನೋಡಿದರೆ ನಗುತ್ತಿದ್ದಿರಿ. ಮೊದಲನೆಯ ದಿನವೇ ಅವರು ಒಂದು ಮಾಸ್ಟರನ್ನು ಮೆದು ಚರ್ಮದ ಬಟ್ಟೆಯಲ್ಲಿ ಹಿಡಿದು ತೋರಿಸಿ ಹೇಳಿದರು, ‘ಇದನ್ನ ಬರಿಗೈಲಿ ಮುಟ್ಟಬಾರದು. ನಿನ್ನ ಬೆವರಿಗೇ ತುಕ್ಕು ಹಿಡಿಯುತ್ತೆ. ಕಲೆ ಕಂಡ್ರೆ ನನ್ನ ಕರಿ, ಉಜ್ಜಬೇಡ. ಉಜ್ಜಿದ ಮಾಸ್ಟರು ಸತ್ತಂಗೆ ಲೆಕ್ಕ.’

ನಾನು ನಿಂತಿದ್ದವಳು ಮೇಜು ಹಿಡಿದುಕೊಂಡೆ. ‘ಯಾಕಮ್ಮ, ತಿಂಡಿ ತಿಂದಿಲ್ವಾ?’ ಎಂದು ಅವರು ನೀರು ಕೊಟ್ಟರು. ಮನೆಗೆ ಬಂದು ಷೆಡ್ಡಿನ ಬೀಗ ತೆಗೆದು, ಮಾಸ್ಟರಿನ ಪೆಟ್ಟಿಗೆಯನ್ನು ಊಟದ ಚೀಲದಲ್ಲಿಟ್ಟುಕೊಂಡು ಮರುದಿನ ತೆಗೆದುಕೊಂಡು ಹೋದೆ. ಮಂಚದ ಕೆಳಗಿನ ರಿಪೋರ್ಟನ್ನೂ ಒಯ್ದೆ. ಎರಡು ವರ್ಷದ ಹಿಂದೆ ಒಂದು ಷೆಡ್ಡಿನಲ್ಲಿ ಇದನ್ನಿಟ್ಟು ಮಾಡಿದ ಗೇಜು ಸಾರ್ ಎಂದಷ್ಟೇ ಹೇಳಿದೆ. ನರಸಿಂಹಯ್ಯನವರು ಫ್ಯಾಕ್ಟರಿಯ ಮಾಸ್ಟರಿನ ಪಕ್ಕದಲ್ಲಿ ನಮ್ಮದನ್ನು ಇಟ್ಟು ಅಳೆದರು. ಇನ್ನೊಂದು ಸಾರಿ ಅಳೆದರು. ಆರು ಮೈಕ್ರಾನ್ ಕಡಿಮೆ. ಒಂದು ತಲೆಗೂದಲನ್ನು ಉದ್ದಕ್ಕೆ ಹತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು ಇರಬಹುದು. ಹುಣಸೆಹಣ್ಣು, ಇಟ್ಟಿಗೆ ಪುಡಿ, ನನ್ನ ಭಕ್ತಿ ಮೂರೂ ಸೇರಿ ತಿಂದದ್ದು ಅಷ್ಟು.

ಆಮೇಲೆ ಅವರು ರಿಪೋರ್ಟಿನ ಒಳಗಿನ ಹಾಳೆಯನ್ನು ಬಿಡಿಸಿದರು. ನೀವು ತಿರುಗಿಸದೆ ಬಿಟ್ಟ ಹಾಳೆ. ನಲವತ್ತು ಸಾಲು, ಪ್ರತಿ ಗೇಜಿನ ಎದುರಿಗೂ ಅದು ಎಷ್ಟು ಕಡಿಮೆ ಎಂದು ಬರೆದಿದೆ. ಆರು, ಆರು, ಆರು, ಆರು. ಕೆಳಗಿನ ತನಕ ಆರು. ಎರಡೇ ಎರಡು ಕಡೆ ಐದು. ನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ‘ಕೈ ತಪ್ಪಿದ್ರೆ ಒಂದೊಂದು ಒಂದೊಂದು ಥರ ತಪ್ಪಬೇಕಮ್ಮ. ಇದು ನಲವತ್ತೂ ಒಂದೇ ಸಮ ಇದೆ. ತಪ್ಪಿರೋದು ಮಾಸ್ಟರು, ಮಾಡಿದೋನಲ್ಲ. ಕರೆಂಟಿಲ್ಲದ ಕಾಲದಲ್ಲಿ, ಷೆಡ್ಡಲ್ಲಿ, ಇಂಥ ಕೈಯಿ! ಇಪ್ಪತ್ತಾರು ವರ್ಷ ಸರ್ವೀಸಲ್ಲಿ ನಾನು ನೋಡಿಲ್ಲ. ಯಾರಮ್ಮ ಇದು ಮಾಡಿದ್ದು?’ ಎಂದರು. ‘ನಮ್ಮನೆಯೋರು’ ಎಂದೆ. ‘ಈಗ ಎಲ್ಲಿ ಮಾಡ್ತಿದ್ದಾರೆ?’ ಎಂದರು. ಲಾರಿ ತೂಗುತ್ತಾರೆ ಸಾರ್ ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಇಡೀ ಇನ್‌ಸ್ಪೆಕ್ಷನ್ ರೂಮು ನೋಡುವ ಹಾಗೆ ಅತ್ತೆ.

ಓದಿದಿರಾ? ಇನ್ನೊಂದು ಸಾರಿ ಓದಿ. ನಿಮ್ಮ ಕೈ ತಪ್ಪಲಿಲ್ಲ. ಆ ಫೋರ್‌ಮನ್ ಹೇಳಿದ್ದು ಸುಳ್ಳು, ನೀವು ನಂಬಿದ್ದು ಸುಳ್ಳು, ನಾನು ಅಂದದ್ದು ಪಾಪ. ನೀವು ಮಾಸ್ಟರು ಹೇಳಿದ್ದನ್ನು ಒಂದು ಕೂದಲೂ ಆಚೀಚೆ ಆಗದಂತೆ ನಲವತ್ತು ಸಾರಿ ಮಾಡಿದಿರಿ. ಮಾಸ್ಟರನ್ನು ಕೆಡಿಸಿದವಳು ನಾನು. ನಿಮ್ಮ ಕೈಯನ್ನು ಕೆಲಸಕ್ಕೆ ಬಾರದ ಕೈ ಎನ್ನುವ ಅಧಿಕಾರ ಯಾರಿಗೂ ಇಲ್ಲ, ನಿಮಗಂತೂ ಇಲ್ಲವೇ ಇಲ್ಲ. ಬೈಯಬೇಕಾದರೆ ನನ್ನನ್ನು ಬೈಯಿರಿ, ಕೈಯನ್ನು ಬೈಯಬೇಡಿ. ಇದು ತಿಳಿದ ಮೇಲೆ ನನ್ನ ಮುಖ ನೋಡಲು ಮನಸ್ಸು ಬರುತ್ತದೋ ಇಲ್ಲವೋ ನಾನರಿಯೆ. ಬಂದರೆ, ಷೆಡ್ಡು ಇದೆ, ಮೆಷಿನಿಗೆ ತುಕ್ಕು ಹಿಡಿದಿಲ್ಲ. ಮೂರು ಬೆರಳಿನಲ್ಲಿ ಏನು ಮಾಡಲಿ ಎಂದು ನೀವು ಕೇಳುತ್ತೀರಿ, ನಾನೂ ಅದನ್ನೇ ಹಗಲೆಲ್ಲ ಕೇಳಿಕೊಳ್ಳುತ್ತೇನೆ. ನೀವು ಪಕ್ಕದಲ್ಲಿ ನಿಂತು ಹೇಳಿದರೆ ನಾನು ಮೆಷಿನು ಹಿಡಿಯಬಲ್ಲೆನೋ ಏನೋ. ಮೊದಲೆರಡು ವರ್ಷ ಕೆಡಿಸುತ್ತೇನೆ, ಆಮೇಲೆ ಕಲಿಯುತ್ತೇನೆ. ನಮ್ಮ ಮಾಸ್ಟರನ್ನು ಇನ್ನು ಮಾಸ್ಟರು ಎನ್ನುವ ಹಾಗಿಲ್ಲ. ಹೊಸದು ತಂದ ದಿನ ಅದಕ್ಕೆ ಪೂಜೆ ದೂರದಿಂದಲೇ.

ಮಾವ ಆಶೀರ್ವಾದ ಹೇಳಿದ್ದಾರೆ. ‘ಪಟ್ಟಿ ನೆನೆಸ್ಕೋಬ್ಯಾಡ ಅಂತ ಬರಿ, ಬೇವಿನ ಸೊಪ್ಪು ಕಾಸಿ ನೀರು ಹಾಕ್ಕೊ ಅಂತ ಬರಿ’ ಎಂದು ಎರಡು ಸಾರಿ ಬಂದು ಹೇಳಿ ಹೋದರು. ಕೃಷ್ಣಮ್ಮ ಹೋದ ತಿಂಗಳು ಬಂದಿದ್ದಳು, ಅಣ್ಣ ಯಾವಾಗ ಬರ್ತಾನೆ ಎಂದು ಕೇಳಿದಳು. ಹನುಮಯ್ಯನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಋಣ ದೊಡ್ಡದು. ಕೆಂದ ಹಸು ಗಬ್ಬವಾಗಿದೆ. ಮೈ ನೋಡಿಕೊಳ್ಳಿ. ನಮ್ಮೂರ ಮುನೇಶ್ವರಸ್ವಾಮಿ ನಿಮ್ಮನ್ನು ಚೆನ್ನಾಗಿಟ್ಟಿರಲಿ, ನನ್ನ ಪಾಲಿನದನ್ನೂ ನಿಮಗೇ ಕೊಡಲಿ.

ಇಂತಿ ನಿಮ್ಮ ಬಾಯಿಬಡುಕಿ,
ಭದ್ರಮ್ಮ

ವಿ.ಸೂ.: ಸೋಮವಾರ ಬೆಳಿಗ್ಗೆ. ಬಸ್ಸಿಗೆ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾದರೆ ಕ್ಷಮಿಸಿ. ಲಕೋಟೆಗೆ ಅಂಟು ಹಚ್ಚಲು ಹೋಗಿ ಆಗಲಿಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನ್ನನ್ನು ಇನ್‌ಸ್ಪೆಕ್ಷನ್‌ಗೆ ಹಾಕಿದ್ದು ಹದಿನೈದು ದಿನದ ಕೆಳಗಲ್ಲ. ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ. ಇದೆಲ್ಲ ನನಗೆ ಗೊತ್ತಾಗಿ ನಾಲ್ಕು ತಿಂಗಳಾಯಿತು. ಮೂರು ಸಾರಿ ಕಾಗದ ಬರೆದೆ, ಮೂರನ್ನೂ ಒಲೆಗೆ ಹಾಕಿದೆ. ನೀವು ಬೈಯುತ್ತೀರಿ ಎಂಬ ಹೆದರಿಕೆಯಲ್ಲ, ನನ್ನನ್ನು ಬಿಟ್ಟುಬಿಡುತ್ತೀರಿ ಎಂದು. ದಸರಾ ಕಳೆಯಲಿ ಎಂದೆ, ದೀಪಾವಳಿ ಕಳೆಯಲಿ ಎಂದೆ. ಆಗಲೇ ಬರೆದಿದ್ದರೆ ಅದನ್ನು ಓದಿದ ದಿನವೇ ನೀವು ರೈಲು ಹತ್ತುತ್ತಿದ್ದಿರಿ, ನನಗೆ ಗೊತ್ತು. ಕಡೆಯ ಕಾರ್ತೀಕ ಸೋಮವಾರ ನೀವು ನಿಮ್ಮ ಷೆಡ್ಡಿನಲ್ಲಿ ಇರುತ್ತಿದ್ದಿರಿ, ಆ ಲಾರಿಯ ಹಿಂದೆ ಅಲ್ಲ. ಮಾಸ್ಟರನ್ನು ಉಜ್ಜಿದ್ದು ತಿಳಿಯದೆ ಮಾಡಿದ್ದು, ಅದನ್ನು ಕ್ಷಮಿಸಿ ಎಂದು ಕಾಲು ಹಿಡಿದು ಕೇಳುತ್ತೇನೆ. ಈ ನಾಲ್ಕು ತಿಂಗಳು ತಿಳಿದೂ ತಿಳಿದೂ ಮಾಡಿದ್ದು, ಅದಕ್ಕೆ ಕೇಳಲು ನನಗೆ ಬಾಯಿಲ್ಲ. ನನ್ನನ್ನು ಏನು ಬೇಕಾದರೂ ಮಾಡಿ, ನೀವು ಮಾತ್ರ ಬನ್ನಿ. ಬಸ್ಸು ಬಂತು.